ಮುಟ್ಟು ನಿಂತ ಮೇಲಿನ ಬಿಸಿ, ಬೆವರು ಮತ್ತು ಕಪಾಟಿನಲ್ಲಿರುವ ಮಾತ್ರೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ. ಅವರಿಗೆ ಐವತ್ತು ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ಎದೆಯಿಂದ ಮುಖಕ್ಕೆ ಬಿಸಿ ಏರುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲೂ ನಡುರಾತ್ರಿ ರವಿಕೆ ಒದ್ದೆಯಾಗಿ ಎಚ್ಚರವಾಗುತ್ತದೆ. ಊರಿನ ಡಾಕ್ಟರು, "ಈ ಪ್ರಾಯದಲ್ಲಿ ಎಲ್ಲರಿಗೂ ಆಗುವುದೇ, ಸೆಕೆಯೂ ಇದೆಯಲ್ಲ" ಎಂದು ಕಳಿಸಿದರು. ಇನ್ನೊಬ್ಬರ ಹತ್ತಿರ ಎಲ್ಲ ಮಾತು ಮಲಯಾಳದಲ್ಲಿ, ಪಕ್ಕದಲ್ಲಿ ಗಂಡ. ಇವರು ಹೇಳಿದ್ದು "ನಿದ್ದೆ ಇಲ್ಲ" ಎಂದಷ್ಟೇ. ಸಿಕ್ಕಿದ್ದು ನಿದ್ದೆ ಮಾತ್ರೆ. ಕೊನೆಗೆ ಮಂಗಳೂರಿನಲ್ಲಿ ಒಬ್ಬರು ಸ್ತ್ರೀರೋಗ ತಜ್ಞೆ ಹಾರ್ಮೋನ್ ಬರೆದುಕೊಟ್ಟರು, ಆದರೆ ಏನು ಎತ್ತ ಎಂದು ಹೇಳಲಿಲ್ಲ. ಮೆಡಿಕಲ್ ಶಾಪಿನವರು "ಇದರಿಂದ ಕ್ಯಾನ್ಸರ್ ಬರುತ್ತದೆ" ಎಂದರು. ಮಾತ್ರೆ ಕಪಾಟಿನಲ್ಲೇ ಉಳಿಯಿತು. ಮೂವತ್ತೆಂಟಕ್ಕೇ ಗರ್ಭಕೋಶ ತೆಗೆಸಿಕೊಂಡ ಅತ್ತಿಗೆ, "ನೀನೂ ತೆಗೆಸು, ಎಲ್ಲ ಸರಿಯಾಗುತ್ತದೆ" ಎನ್ನುತ್ತಿದ್ದಾರೆ. "ತಿನ್ನಲೋ ಬೇಡವೋ, ನೀವೇ ಹೇಳಿ" ಎಂದು ಕೇಳಿದ್ದಾರೆ.

ಪ್ರೀತಿಯ ಅಕ್ಕಾ,

ತಿನ್ನಿ ಅಥವಾ ಬೇಡ ಎಂದು ನಾನು ಹೇಳುವ ಹಾಗಿಲ್ಲ. ನಾನು ಡಾಕ್ಟರಲ್ಲ, ನಿಮ್ಮ ಬಿಪಿ, ಶುಗರ್, ಮನೆಯವರ ಕಾಯಿಲೆಗಳ ಚರಿತ್ರೆ ನನಗೆ ಗೊತ್ತಿಲ್ಲ. ಆದರೆ ಮೆಡಿಕಲ್ ಶಾಪಿನ ಒಂದು ಮಾತಿಗೆ ಹೆದರಿ ಈ ವಿಷಯವನ್ನು ಇಲ್ಲಿಗೇ ಬಿಡಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ.

ಮೊದಲು ಆ ಬಿಸಿಯ ವಿಷಯ. ಅದು ಸೆಕೆಯಲ್ಲ, ನಿಮ್ಮ ಭ್ರಮೆಯೂ ಅಲ್ಲ. ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಕಡಿಮೆಯಾದಾಗ ಮೈಯ ಬಿಸಿಯನ್ನು ಹಿಡಿತದಲ್ಲಿಡುವ ಮಿದುಳಿನ ಭಾಗ ತೀರಾ ಸೂಕ್ಷ್ಮವಾಗುತ್ತದೆ. ಮೈ ಒಂಚೂರು ಬಿಸಿಯಾದರೂ ಸಾಕು, ತಣ್ಣಗೆ ಮಾಡಲು ಹೊರಡುತ್ತದೆ. ಚರ್ಮಕ್ಕೆ ರಕ್ತ ನುಗ್ಗುತ್ತದೆ, ಬೆವರು ಸುರಿಯುತ್ತದೆ. "ಸ್ವಲ್ಪ ದಿನ ತಡೆದುಕೊಳ್ಳಿ" ಎನ್ನುವುದು ಸುಲಭ. ಪದೇ ಪದೇ ಹೀಗಾಗುವ ಹೆಂಗಸರನ್ನು ಅಮೆರಿಕದಲ್ಲಿ ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧದಷ್ಟು ಮಂದಿಗೆ ಇದು 7 ವರ್ಷಕ್ಕಿಂತ ಜಾಸ್ತಿ ಕಾಲ ಇತ್ತು. ಏಳು ವರ್ಷ ಸರಿಯಾಗಿ ನಿದ್ದೆಯಿಲ್ಲದೆ, ಬೆಳಗಾದರೆ ಅಡುಗೆ, ತೋಟ, ದನ ಎಲ್ಲ ನೋಡಿಕೊಳ್ಳುವುದು ತಡೆದುಕೊಳ್ಳುವ ವಿಷಯವಾ? ಎಲ್ಲರಿಗೂ ಆಗುತ್ತದೆ ಎಂಬುದು ಮದ್ದು ಕೊಡದೇ ಇರಲು ಕಾರಣವಾಗಬಾರದು. ಹೆರಿಗೆ ನೋವೂ ಎಲ್ಲರಿಗೂ ಆಗುವುದೇ ಅಲ್ವಾ.

ಇನ್ನು ಕ್ಯಾನ್ಸರ್. ಈ ಹೆದರಿಕೆ ಎಲ್ಲಿಂದ ಬಂತು ಎಂದು ತಿಳಿದರೆ ಅದರ ಅಳತೆಯೂ ತಿಳಿಯುತ್ತದೆ. 2002ರ ಜುಲೈಯಲ್ಲಿ ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದನ್ನು ನಡುವೆಯೇ ನಿಲ್ಲಿಸಿದರು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನಿನ ಹಾಗೆ ಕೆಲಸ ಮಾಡುವ ಮದ್ದು) ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿತ್ತು. ಪೇಪರುಗಳಲ್ಲಿ ಬಂದದ್ದು "ಶೇಕಡಾ 26 ಹೆಚ್ಚಳ" ಎಂದು. ಲೆಕ್ಕ ಬಿಡಿಸಿದರೆ ಹೀಗೆ: ಹಾರ್ಮೋನ್ ತೆಗೆದುಕೊಳ್ಳದ 10,000 ಮಂದಿಯಲ್ಲಿ ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್, ತೆಗೆದುಕೊಂಡ 10,000 ಮಂದಿಯಲ್ಲಿ 38 ಜನರಿಗೆ. ಆ ಎಂಟು ಜನರೂ ಯಾರದೋ ಅಕ್ಕತಂಗಿಯರೇ, ಅದನ್ನು ಸಣ್ಣದು ಎನ್ನುವುದಿಲ್ಲ. ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಕೂಡ ಸ್ವಲ್ಪ ಜಾಸ್ತಿಯಾಗಿತ್ತು. ಸೊಂಟದ ಮೂಳೆ ಮುರಿಯುವುದು ಕಡಿಮೆಯಾಗಿತ್ತು. ಆದರೆ "ತಿಂದರೆ ಕ್ಯಾನ್ಸರ್ ಬರುತ್ತದೆ" ಎಂಬ ಮಾತಿಗೂ ಈ ಲೆಕ್ಕಕ್ಕೂ ಎಷ್ಟೊಂದು ದೂರ ನೋಡಿ.

ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ನಿಮ್ಮ ಹಾಗೆ ಈಗಷ್ಟೇ ಮುಟ್ಟು ನಿಂತವರು ಅದರಲ್ಲಿ ಕಡಿಮೆ. ಆಮೇಲೆ ವಯಸ್ಸಿನ ಪ್ರಕಾರ ಬೇರೆ ಬೇರೆಯಾಗಿ ನೋಡಿದಾಗ ಚಿತ್ರ ಬದಲಾಯಿತು. 60 ವರ್ಷದೊಳಗಿನವರು, ಅಥವಾ ಮುಟ್ಟು ನಿಂತು 10 ವರ್ಷ ಆಗದವರು, ತೊಂದರೆ ಜೋರಾಗಿದ್ದು ಬೇರೆ ಅಡ್ಡಿ ಇಲ್ಲದಿದ್ದರೆ, ಅವರಿಗೆ ಹಾರ್ಮೋನಿನಿಂದ ಅಪಾಯಕ್ಕಿಂತ ಲಾಭ ಜಾಸ್ತಿ ಎಂದು ಈಗ ಹಲವು ದೇಶಗಳ ತಜ್ಞರ ಸಂಘಗಳು ಹೇಳುತ್ತವೆ. ಮೈ ಬಿಸಿಗೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಮದ್ದು ಬೇರೆ ಇಲ್ಲ. 2002ರ ಹೆದರಿಕೆ ಮಾತ್ರ ಹಾಗೇ ಉಳಿಯಿತು. ಅದಕ್ಕೆ ನನಗೆ ಬಹಳ ಬೇಸರವಿದೆ. ಇಪ್ಪತ್ತು ವರ್ಷಗಳಿಂದ ಎಷ್ಟು ಹೆಂಗಸರು ಸುಮ್ನೆ ನರಳಿದರೋ.

ಹಾಗೆಂದು ಇದು ಎಲ್ಲರಿಗೂ ಆಗುವ ಮದ್ದಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು, ಹೃದಯಾಘಾತ, ಪಾರ್ಶ್ವವಾಯು ಆದವರು, ಲಿವರ್ ಕಾಯಿಲೆ ಇರುವವರು ಸಾಮಾನ್ಯವಾಗಿ ಇದನ್ನು ತೆಗೆದುಕೊಳ್ಳುವಂತಿಲ್ಲ. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಕಲೆಯಷ್ಟು ರಕ್ತ ಕಂಡರೂ ಕೂಡಲೇ ಪರೀಕ್ಷೆ ಮಾಡಿಸಬೇಕು. "ಪುನಃ ಮುಟ್ಟಾಯಿತು" ಎಂದು ಬಿಡಬಾರದು.

ನಿಮಗೆ ಗರ್ಭಕೋಶ ಇದೆ. ಆದ್ದರಿಂದ ಈಸ್ಟ್ರೋಜನ್ ಒಂದೇ ಸಾಲದು. ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ಬೆಳೆದು ಅಲ್ಲಿ ಕ್ಯಾನ್ಸರ್ ಆಗುವ ಅಪಾಯವಿದೆ. ಅದನ್ನು ತಡೆಯಲು ಪ್ರೊಜೆಸ್ಟರಾನ್ ಅಥವಾ ಅದರಂಥ ಪ್ರೊಜೆಸ್ಟಿನ್ ಜೊತೆಗಿರಬೇಕು. ಮಂಗಳೂರಿನ ಚೀಟಿಯಲ್ಲಿ ಎರಡೂ ಇದೆಯಾ ಎಂದು ಕೇಳಿ. ಮಾತ್ರೆಯ ಬದಲು ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಆಗಬಹುದಾ ಎಂದೂ ಕೇಳಿ. ಮಾತ್ರೆಗೆ ಹೋಲಿಸಿದರೆ ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಎಷ್ಟು ಕಾಲ ತೆಗೆದುಕೊಳ್ಳಬೇಕು, ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಯಾವಾಗ ಮಾಡಿಸಬೇಕು, ಪುನಃ ಯಾವಾಗ ಬರಬೇಕು, ಇದೆಲ್ಲ ನೀವು ಕೇಳಬೇಕಾದದ್ದೇ. ಥೈರಾಯ್ಡ್ ನೋಡಿದ್ದಾರಾ ಎಂದೂ ಕೇಳಿ, ಅದು ಏರುಪೇರಾದರೂ ಹೀಗೆ ಬೆವರುತ್ತದೆ.

ಹಾರ್ಮೋನ್ ಬೇಡ ಎಂದು ನಿಮಗೇ ಅನಿಸಿದರೆ ಬೇರೆ ದಾರಿಗಳೂ ಇವೆ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಕಡಿಮೆ ಪ್ರಮಾಣದಲ್ಲಿ ಈ ಬಿಸಿಯನ್ನೂ ತಗ್ಗಿಸುತ್ತವೆ. ಅಂಥದ್ದನ್ನು ಬರೆದುಕೊಟ್ಟರೆ "ನನಗೆ ಹುಚ್ಚು ಎಂದುಕೊಂಡರಾ" ಎಂದು ನೊಂದುಕೊಳ್ಳಬೇಡಿ. ಯಾಕೆ ಕೊಟ್ಟರು ಎಂದು ಹೇಳುವುದು ಡಾಕ್ಟರ ಕೆಲಸ. ಪತ್ರದ ಕೊನೆಗೆ ಎರಡೇ ಸಾಲಿನಲ್ಲಿ ಉರಿಮೂತ್ರ ಮತ್ತು ಗಂಡನ ಜೊತೆ ಸೇರುವಾಗಿನ ನೋವಿನ ಬಗ್ಗೆ ಬರೆದಿದ್ದೀರಿ. ನಾಚಿಕೆ ಬೇಡ. ಈಸ್ಟ್ರೋಜನ್ ಕಡಿಮೆಯಾದಾಗ ಅಲ್ಲಿನ ಚರ್ಮ ತೆಳುವಾಗಿ ಒಣಗುತ್ತದೆ. ಅದಕ್ಕೆ ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬಿಸಿಯಾದರೆ ಕಾಲಕ್ರಮದಲ್ಲಿ ತಾನಾಗಿ ಹೋಗಬಹುದು, ಈ ತೊಂದರೆ ಹಾಗೆ ಹೋಗುವುದು ಅಪರೂಪ. ಆದ್ದರಿಂದ ಡಾಕ್ಟರಿಗೆ ಹೇಳಲೇಬೇಕು.

ಹೇಳುವುದೇ ಕಷ್ಟ ಎಂದು ನನಗೆ ಗೊತ್ತು. ಕಾಸರಗೋಡಿನಲ್ಲಿ ಮನೆಯೊಳಗೆ ಕನ್ನಡವೋ ತುಳುವೋ, ಆಸ್ಪತ್ರೆಯಲ್ಲಿ ಮಲಯಾಳ. ಸಂತೆಯಲ್ಲಿ ಮೀನು ಕೊಳ್ಳುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ. ಮೈಯೊಳಗಿನ ವಿಷಯ ಹೇಳಲು ಅದು ಸಾಲುವುದಿಲ್ಲ. ಮಂಜೇಶ್ವರದಿಂದ, ಮುಳ್ಳೇರಿಯಾದಿಂದ ಬಂದ ಪತ್ರಗಳಲ್ಲೂ ಇದೇ ದುಃಖ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ಮುಟ್ಟು ನಿಂತದ್ದು ಯಾವಾಗ, ದಿನಕ್ಕೆ ಎಷ್ಟು ಸಲ ಬಿಸಿ ಏರುತ್ತದೆ, ರಾತ್ರಿ ಎಷ್ಟು ಸಲ ಏಳುತ್ತೀರಿ, ಈಗ ಯಾವ ಮಾತ್ರೆ ತಿನ್ನುತ್ತಿದ್ದೀರಿ, ತಾಯಿಗೆ ಅಕ್ಕತಂಗಿಯರಿಗೆ ಕ್ಯಾನ್ಸರ್ ಇತ್ತಾ. ಮಲಯಾಳದಲ್ಲಿ ಬೇಕಾದರೆ ನಿಮ್ಮ ಕಡೆಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗನ ಹತ್ತಿರ ಬರೆಸಲು ಸಂಕೋಚವಾಗಬಹುದು, ಅವರ ಹತ್ತಿರ ಆಗಲಾರದು. ಗಂಡನಿಗೆ ಹೊರಗೆ ಕೂರಲು ಹೇಳುವ ಹಕ್ಕು ನಿಮಗಿದೆ.

ಅತ್ತಿಗೆಯ ಸಲಹೆಯನ್ನು ಮಾತ್ರ ಖಂಡಿತ ಕೇಳಬೇಡಿ. ಬಿಸಿ ಏರುವುದು ಗರ್ಭಕೋಶದಿಂದ ಅಲ್ಲ, ಅದನ್ನು ತೆಗೆಸಿದರೆ ಹೋಗುವುದೂ ಇಲ್ಲ. ಅತ್ತಿಗೆಯ ಬಗ್ಗೆಯೇ ನನಗೆ ಈಗ ಹೆಚ್ಚು ಚಿಂತೆ. ಅವರಿಗೆ ಆಗ ಅಂಡಾಶಯಗಳನ್ನೂ ತೆಗೆದಿದ್ದರೆ ಮೂವತ್ತೆಂಟಕ್ಕೇ ಈಸ್ಟ್ರೋಜನ್ ಒಮ್ಮೆಗೇ ನಿಂತುಹೋಗಿದೆ ಎಂದರ್ಥ. ಅಂಥವರಿಗೆ ಮೂಳೆ ಮತ್ತು ಹೃದಯದ ರಕ್ಷಣೆಗಾಗಿ, ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದು ಕ್ರಮ. ಅವರಿಗೆ ಯಾರಾದರೂ ಅದನ್ನು ಹೇಳಿದ್ದರಾ? ಮುಂದಿನ ಸಲ ಮಂಗಳೂರಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಆಪರೇಷನ್ ಆದಾಗ ಕೊಟ್ಟ ಡಿಸ್‌ಚಾರ್ಜ್ ಚೀಟಿ ಹುಡುಕಿ ಕೈಯಲ್ಲಿಟ್ಟುಕೊಳ್ಳಿ, ಏನೇನು ತೆಗೆದಿದ್ದಾರೆ ಎಂದು ಅದರಲ್ಲಿ ಬರೆದಿರುತ್ತದೆ. ಮೂಳೆ ಸ್ಕ್ಯಾನಿಂಗ್ ಬೇಕಾ ಎಂದು ಅವರ ಪರವಾಗಿ ನೀವೇ ಕೇಳಿ.