ಖರ್ಚಾಗದ ವಸ್ತುವಿಗೆ ಇಡೀ ಆಯುಷ್ಯ ಯಾಕೆ?

ಪ್ರಿಯ ಓದುಗರೇ,

ವೇಗವರ್ಧಕಗಳ ಹಿಂದೆ ಬಿದ್ದ ರಸಾಯನವಿಜ್ಞಾನಿ ಜೆಫ್ರಿ ವಿಲ್ಕಿನ್ಸನ್ ಕುರಿತ ನಮ್ಮ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ವೇಗವರ್ಧಕ, ಅಂದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಖರ್ಚಾಗುವುದಿಲ್ಲ ಅಂದಮೇಲೆ ಒಮ್ಮೆ ಕಂಡುಹಿಡಿದರೆ ಮುಗೀತಲ್ವಾ, ವಿಜ್ಞಾನಿಯೊಬ್ಬರು ಅದರ ಹಿಂದೆಯೇ ಆಯುಷ್ಯ ಕಳೆಯುವುದೇಕೆ? ಅಂಥವರಿಗೆ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ ಯಾಕೆ?

ಎರಡನೆಯದಕ್ಕೆ ಉತ್ತರ ಚಿಕ್ಕದು. 1952ರಲ್ಲಿ ಹಾರ್ವರ್ಡ್‌ನಲ್ಲಿದ್ದಾಗ ವಿಲ್ಕಿನ್ಸನ್ ಮತ್ತು ಸಂಗಡಿಗರು ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತದ ರಚನೆ ಬಿಡಿಸಿದರು. ಐದೈದು ಕಾರ್ಬನ್‌ಗಳ ಎರಡು ಉಂಗುರ, ನಡುವೆ ಒಂದು ಕಬ್ಬಿಣದ ಪರಮಾಣು. ಜರ್ಮನಿಯ ಅರ್ನ್ಸ್ಟ್ ಓಟ್ಟೊ ಫಿಷರ್ ಬೇರೆಯಾಗಿಯೇ ಅದೇ ಕಡೆ ಬಂದಿದ್ದರು. 1973ರ ನೊಬೆಲ್ ಇಬ್ಬರಿಗೂ ಸಂದಿತು. ಲೋಹವೂ ಕಾರ್ಬನ್ನೂ ಹೀಗೂ ಕೂಡಬಹುದು ಅಂತ ತಿಳಿದ ಮೇಲೆಯೇ ಈ ಕ್ಷೇತ್ರ ಭರದಿಂದ ಬೆಳೆಯಿತು. ಆ ಗೌರವ ನ್ಯಾಯವಾದದ್ದೇ.

ಈಗ ಮೊದಲ ಪ್ರಶ್ನೆ. 1960ರ ದಶಕದ ನಡುವೆ, ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲಿ ವಿಲ್ಕಿನ್ಸನ್ ತಂಡ ಒಂದು ಕೆಂಪು ಪುಡಿ ತಯಾರಿಸಿತು. ಬೇರೆ ಅಣುಗಳಿಗೆ ಹೈಡ್ರೋಜನ್ ಸೇರಿಸುವ ವೇಗವರ್ಧಕ ಅದು. ನಡುವೆ ರೋಡಿಯಂ ಎಂಬ ಲೋಹ, ಸುತ್ತ ಒಂದು ಕ್ಲೋರಿನ್, ಮೂರು ದೊಡ್ಡ ಫಾಸ್ಫೀನ್‌ಗಳು (ರಂಜಕವಿರುವ ಅಣುಗಳು). ದ್ರಾವಣದಲ್ಲಿ ಒಂದು ಫಾಸ್ಫೀನ್ ಕಳಚಿಕೊಳ್ಳುತ್ತದೆ, ಜಾಗ ಖಾಲಿಯಾಗುತ್ತದೆ. ಹೈಡ್ರೋಜನ್ ಅಣು ಬಂದು ಎರಡಾಗಿ ಸೀಳಿ ರೋಡಿಯಂ ಮೇಲೆ ಕೂರುತ್ತದೆ. ಇನ್ನೊಂದು ಅಣುವಿನಲ್ಲಿ ಎರಡು ಕಾರ್ಬನ್‌ಗಳ ನಡುವಿನ ದ್ವಿಬಂಧ, ಅಂದರೆ ಜೋಡಿ ಬಂಧ, ಪಕ್ಕಕ್ಕೆ ಬರುತ್ತದೆ. ಹೈಡ್ರೋಜನ್‌ಗಳು ಒಂದಾದ ಮೇಲೊಂದು ಅದಕ್ಕೆ ದಾಟುತ್ತವೆ. ರೋಡಿಯಂ ಮತ್ತೆ ಖಾಲಿ, ಮುಂದಿನ ಸುತ್ತಿಗೆ ತಯಾರು. ಇದೆಲ್ಲ ಕೋಣೆಯ ಉಷ್ಣತೆಯಲ್ಲಿ, ಸಾಮಾನ್ಯ ಒತ್ತಡದಲ್ಲಿ!

ಆದರೆ ಅದು ಎಲ್ಲ ದ್ವಿಬಂಧಗಳನ್ನೂ ಮುಟ್ಟುವುದಿಲ್ಲ. ಕಾರ್ವೋನ್ ಎಂಬ ಸುಗಂಧವಸ್ತುವಿನ ಅಣುವಿನಲ್ಲಿ ಕಾರ್ಬನ್‌ಗಳ ನಡುವೆ ಅಂಥವು ಎರಡಿವೆ. ಹೊರಗೆ ತೆರೆದುಕೊಂಡಿರುವುದಕ್ಕೆ ಹೈಡ್ರೋಜನ್ ಸೇರುತ್ತದೆ, ಉಂಗುರದೊಳಗಿನದು ಹಾಗೇ ಉಳಿಯುತ್ತದೆ. ಈ ಆಯ್ಕೆಯೇ ಅದರ ಬೆಲೆ.

ಇನ್ನು, ಖರ್ಚಾಗುವುದಿಲ್ಲ ಅಂದರೆ ಸಾಯುವುದಿಲ್ಲ ಅಂತಲ್ಲ. ಕಾರ್ಬನ್ ಮೊನಾಕ್ಸೈಡ್ ಸಿಕ್ಕರೆ ರೋಡಿಯಂ ಅದನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಈ ಕೆಲಸ ನಿಂತುಹೋಗುತ್ತದೆ. ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾಗುವುದು ಮುಂದಿನದು. ಅದೇ ತಂಡ ಕ್ಲೋರಿನ್ ತೆಗೆದು, ಆ ಜಾಗಕ್ಕೆ ಹೈಡ್ರೋಜನ್ ತಂದು, ಕಾರ್ಬನ್ ಮೊನಾಕ್ಸೈಡನ್ನೂ ಉಳಿಸಿಕೊಂಡ ಇನ್ನೊಂದು ರೋಡಿಯಂ ಸಂಯುಕ್ತವನ್ನು ಅಭ್ಯಾಸ ಮಾಡಿತು. ಅಲ್ಲಿ ಮೊನಾಕ್ಸೈಡ್ ವಿಷವಲ್ಲ, ಕಚ್ಚಾವಸ್ತು. ದ್ವಿಬಂಧವಿರುವ ಅಣುಗಳಿಂದ ಆಲ್ಡಿಹೈಡ್ ಎಂಬ ಬಗೆಯ ಸಂಯುಕ್ತ ತಯಾರಾಗುತ್ತದೆ. 1970ರ ದಶಕದಲ್ಲಿ ಕಾರ್ಖಾನೆಗಳೂ ಈ ದಾರಿ ಹಿಡಿದವು.

ಲೋಹ ಅದೇ, ಸುತ್ತಲಿನವರು ಬದಲಾದರೆ ಕೆಲಸವೇ ಬೇರೆ. 1968ರಲ್ಲಿ ಮೊನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ಎಡಗೈ-ಬಲಗೈಯಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪವಿರುವ ಫಾಸ್ಫೀನ್ ಹಾಕಿ ನೋಡಿದರು. ತಯಾರಾದ ವಸ್ತುವಿನಲ್ಲೂ ಒಂದು ಕೈಯ ಅಣು ಸ್ವಲ್ಪ ಜಾಸ್ತಿ ಬಂತು, ಅಷ್ಟೇ. ಅವರು ಬಿಡಲಿಲ್ಲ. ಫಾಸ್ಫೀನ್ ಬದಲಿಸುತ್ತಾ ಹೋಗಿ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ತಯಾರಿಕೆಯವರೆಗೂ ಮುಟ್ಟಿದರು. 2001ರಲ್ಲಿ ಅವರಿಗೂ ನೊಬೆಲ್ ಸಿಕ್ಕಿತು.

ಹಾಗಾಗಿ ಆಯುಷ್ಯ ಸುಮ್ನೆ ಹೋಗುವುದಿಲ್ಲ. ಕೆಲಸ ಇನ್ನೂ ಬೇಕಾದಷ್ಟಿದೆ. ರೋಡಿಯಂ ಬಹಳ ಅಪರೂಪ, ಬಹಳ ದುಬಾರಿ. ಅದರ ಜಾಗಕ್ಕೆ ಕಬ್ಬಿಣ, ಕೋಬಾಲ್ಟ್ ತರಲು ಈಗ ಅನೇಕರು ದುಡಿಯುತ್ತಿದ್ದಾರೆ. ರೋಡಿಯಂ ಎಲೆಕ್ಟ್ರಾನ್‌ಗಳನ್ನು ಎರಡೆರಡಾಗಿ ಕೊಟ್ಟು ತೆಗೆದುಕೊಳ್ಳುವುದರಲ್ಲಿ ಪಳಗಿದೆ. ಕಬ್ಬಿಣ ಹೆಚ್ಚಾಗಿ ಒಂದೊಂದಾಗಿ ಕೊಡುತ್ತದೆ, ಆಗ ಬೇಡದ ಕ್ರಿಯೆಗಳು ನುಸುಳುತ್ತವೆ. ಅದನ್ನು ತಡೆಯುವಂಥ ಸುತ್ತುಗಟ್ಟು ಯಾವುದು ಅಂತ ಒಂದೊಂದೇ ಅಣು ಕಟ್ಟಿ ನೋಡಬೇಕು.

– ಸಂಪಾದಕ