ಟಕರ್ ಮನೆಯ ಅಡುಗೆಕೋಣೆಗೆ ಅಷ್ಟು ಜಾಗ ಯಾಕೆ?

(ಕಳೆದ ಸಂಚಿಕೆಯ ಬರ್ಮುಡಾ ಲೇಖನ ಓದಿ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ದಿಗ್ಬಂಧನ ಭೇದಿಸಿದ ಹಡಗುಗಳ ಸಾಹಸ ಓದೋಣ ಅಂತ ಕೂತೆ. ಅರ್ಧ ಲೇಖನ ಒಬ್ಬ ಕ್ಷೌರಿಕನ ಮೇಲೆಯೇ ಇದೆ. ಅಷ್ಟಕ್ಕೂ ಆ ದ್ವೀಪಕ್ಕೂ ನಮಗೂ ಏನು ಸಂಬಂಧ?")

ನಮಸ್ಕಾರ. ಸಾಹಸದ ಕಥೆ ಕಡಿಮೆಯಾಯಿತು ಎಂದಿದ್ದೀರಿ. ಮೊದಲು ಅದನ್ನೇ ಹೇಳುತ್ತೇನೆ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಸಿಡಿದು ನಿಂತ ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಅಧ್ಯಕ್ಷ ಲಿಂಕನ್ ದಿಗ್ಬಂಧನ ಹಾಕಿದರು, ಅಂದರೆ ಸರಕು ಹೋಗಿ ಬರದಂತೆ ಕಾವಲು ಹಡಗು ನಿಲ್ಲಿಸಿದರು. ದಕ್ಷಿಣದವರ ಹತ್ತಿರ ಹತ್ತಿ ಬೇಕಾದಷ್ಟಿತ್ತು, ಬಂದೂಕು, ಮದ್ದು ಸಾಲದು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬೇಕೇ ಬೇಕು. ನಡುವೆ, ಅಟ್ಲಾಂಟಿಕ್ ಸಾಗರದಲ್ಲಿ, ಬ್ರಿಟಿಷರ ಬರ್ಮುಡಾ ದ್ವೀಪ. ದೊಡ್ಡ ಹಡಗುಗಳು ಸೇಂಟ್ ಜಾರ್ಜ್ ಬಂದರಿನವರೆಗೆ ರಾಜಾರೋಷವಾಗಿ ಸರಕು ತರುತ್ತಿದ್ದವು. ಅಲ್ಲಿಂದ ದಕ್ಷಿಣದವರ ಬಂದರು ವಿಲ್ಮಿಂಗ್ಟನ್‌ಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಆ ದಾರಿಗೆ ಬೇರೆಯೇ ಹಡಗು ಬೇಕಿತ್ತು. ಮೈ ತಗ್ಗು, ಬಣ್ಣ ಬೂದು, ವೇಗ ಜಾಸ್ತಿ. ಹೊಗೆ ಕಾಣಬಾರದೆಂದು ಆಂತ್ರಸೈಟ್ ಕಲ್ಲಿದ್ದಲು ಉರಿಸುತ್ತಿದ್ದರು. ಚಂದ್ರನಿಲ್ಲದ ರಾತ್ರಿ ನೋಡಿಕೊಂಡು, ದೀಪ ಆರಿಸಿ, ಕಾವಲು ಹಡಗುಗಳ ಸಂದಿಯಲ್ಲಿ ನುಗ್ಗುತ್ತಿದ್ದರು. 1865ರ ಜನವರಿಯಲ್ಲಿ ವಿಲ್ಮಿಂಗ್ಟನ್ ಬಂದರನ್ನು ಕಾಯುತ್ತಿದ್ದ ಫಿಶರ್ ಕೋಟೆ ಬಿತ್ತು. ಅಲ್ಲಿಗೆ ಈ ವ್ಯಾಪಾರವೂ ಮುಗಿಯಿತು.

ಧೈರ್ಯ ಬೇಕಿತ್ತು, ನಿಜ. ಆದರೆ ಆ ಹತ್ತಿ ಬಿಡಿಸಿದವರು ಯಾರು? ಗುಲಾಮರು. ಬಂದೂಕು ಹೋಗುತ್ತಿದ್ದದ್ದು ಎಲ್ಲಿಗೆ? ಅವರನ್ನು ಗುಲಾಮರಾಗಿಯೇ ಉಳಿಸಲು ಹೊರಟಿದ್ದ ಸೈನ್ಯಕ್ಕೆ. ಬರೀ ಸಾಹಸ ಹೇಳಿದರೆ ಇದು ಕಣ್ಮರೆಯಾಗುತ್ತದೆ. ಹಾಗಾಗಬಾರದು ಅಂತಲೇ ಕ್ಷೌರಿಕನ ಕಥೆಗೆ ಅಷ್ಟು ಜಾಗ ಕೊಟ್ಟೆವು.

ಆ ಕ್ಷೌರಿಕ ಜೋಸೆಫ್ ರೇನಿ. ಹುಟ್ಟಿದ್ದು 1832ರಲ್ಲಿ, ದಕ್ಷಿಣ ಕೆರೊಲಿನಾದಲ್ಲಿ, ಗುಲಾಮನಾಗಿ. ಅಪ್ಪನೂ ಕ್ಷೌರಿಕ. ದುಡಿದು ಕೂಡಿಟ್ಟ ಹಣದಲ್ಲಿ ಸಂಸಾರದ ಬಿಡುಗಡೆ ಕೊಂಡ ಮನುಷ್ಯ. ಯುದ್ಧ ಶುರುವಾದಾಗ ದಕ್ಷಿಣದ ಸೈನ್ಯ ರೇನಿಯನ್ನು ಚಾರ್ಲ್ಸ್‌ಟನ್ ಕೋಟೆ ಕೆಲಸಕ್ಕೆ ಹಚ್ಚಿತು. ದಿಗ್ಬಂಧನ ಭೇದಿಸುವ ಹಡಗಿನಲ್ಲೂ ಚಾಕರಿ ಮಾಡಿಸಿತು. 1862ರಲ್ಲಿ ಅವರು ಹೆಂಡತಿ ಸೂಸನ್ ಜೊತೆ ಬರ್ಮುಡಾಕ್ಕೆ ತಪ್ಪಿಸಿಕೊಂಡರು. ಅಲ್ಲಿ ಗುಲಾಮಗಿರಿ 1834ರಲ್ಲೇ ರದ್ದಾಗಿತ್ತು.

ಸೇಂಟ್ ಜಾರ್ಜ್‌ನ ವಾಟರ್ ಸ್ಟ್ರೀಟ್‌ನಲ್ಲಿರುವ ಟಕರ್ ಮನೆ ಈಗ ಬರ್ಮುಡಾ ನ್ಯಾಷನಲ್ ಟ್ರಸ್ಟಿನ ವಸ್ತುಸಂಗ್ರಹಾಲಯ. ಕೋಣೆಗಳಲ್ಲಿ ಟಕರ್ ಮನೆತನದ ಬೆಳ್ಳಿ ಸಾಮಾನು, ಮಹಾಗನಿ ಪೀಠೋಪಕರಣ. ರೇನಿ ಬಾಡಿಗೆಗೆ ಹಿಡಿದು ಕ್ಷೌರದಂಗಡಿ ಇಟ್ಟದ್ದು ಇದೇ ಮನೆಯ ಅಡುಗೆಕೋಣೆಯಲ್ಲಿ. ಸೂಸನ್ ಬಟ್ಟೆ ಹೊಲಿಯುತ್ತಿದ್ದರು. ಪಕ್ಕದ ಓಣಿಗೆ ಇವತ್ತಿಗೂ ಬಾರ್ಬರ್ಸ್ ಆಲಿ ಅಂತಲೇ ಹೆಸರು. ದಕ್ಷಿಣದವರ ಏಜೆಂಟ್ ಮೇಜರ್ ನಾರ್ಮನ್ ವಾಕರ್ ಕಚೇರಿ ನಡೆಸಿದ ಗ್ಲೋಬ್ ಹೋಟೆಲ್ ಕೂಡ ಅದೇ ಪುಟ್ಟ ಊರಿನಲ್ಲಿದೆ. ಬರ್ಮುಡಾಕ್ಕೆ ಹೋದವರು ಎರಡನ್ನೂ ನೋಡಲೇಬೇಕು. ಬೆಳ್ಳಿ ಪಾತ್ರೆಗಿಂತ ಆ ಅಡುಗೆಕೋಣೆಯೇ ನನಗೆ ದೊಡ್ಡದು. ರೇನಿ 1866ರಲ್ಲಿ ಊರಿಗೆ ಮರಳಿದರು. 1870ರ ಡಿಸೆಂಬರ್‌ನಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆಯ ಮೊದಲ ಕಪ್ಪು ಸದಸ್ಯರಾಗಿ ಪ್ರಮಾಣ ಮಾಡಿದರು.

ಇನ್ನು ನಮಗೇನು ಸಂಬಂಧ ಅಂದಿರಿ. ನೀವೇ ಧಾರವಾಡದವರು! ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ತಿರುಗಿ ನೋಡಿದ್ದು ನಮ್ಮ ಕಡೆಗೇ. ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಬೆಳೆಯುತ್ತಿದ್ದರು. ಈ ಸೀಮೆಯ ನಾಟಿ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿತ್ತು, ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ಇತ್ತು. ಅದನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೇಕಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ದಬಕ್ಕನೆ ಬಿತ್ತು.

ನಿಮ್ಮ ಕಡೆ ಯಾರ ಮನೆಯಲ್ಲಾದರೂ ಆ ವರ್ಷಗಳ ಹತ್ತಿ ವ್ಯಾಪಾರದ ಲೆಕ್ಕದ ಪುಸ್ತಕ ಉಳಿದಿದ್ದರೆ ದಯವಿಟ್ಟು ತಿಳಿಸಿ. ಅದರ ಮೇಲೆ ಲೇಖನ ಬರೆಸುವ ಆಸೆ ನಮಗಿದೆ.

– ಸಂಪಾದಕ