ಲ್ಯಾಪ್‌ಟಾಪ್‌ನಲ್ಲಿ ನಡೆಯುವ ಪೈಥಾನ್ ಪ್ರಾಜೆಕ್ಟ್ ಲ್ಯಾಬ್‌ನಲ್ಲಿ ಏಕೆ ನಡೆಯುತ್ತಿಲ್ಲ?

ಪ್ರಶ್ನೆ: ನಾನು ಗದಗಿನಲ್ಲಿ ಬಿ.ಸಿ.ಎ. ಓದುತ್ತಿದ್ದೇನೆ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರಗಳನ್ನು ವಿಶ್ಲೇಷಿಸುವ ಪೈಥಾನ್ ಪ್ರಾಜೆಕ್ಟ್ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯುತ್ತದೆ. ಅದನ್ನು ವೆನ್ವ್ (ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳನ್ನು ಪ್ರತ್ಯೇಕವಾಗಿಡುವ) ಫೋಲ್ಡರ್ ಸಮೇತ ಪೆನ್‌ಡ್ರೈವ್‌ನಲ್ಲಿ ಒಯ್ದು, ಇಂಟರ್ನೆಟ್ ಇಲ್ಲದ ಕಾಲೇಜು ಲ್ಯಾಬ್‌ನ ಉಬುಂಟು 24.04 ಕಂಪ್ಯೂಟರ್‌ಗೆ ಹಾಕಿದರೆ ನಡೆಯುವುದಿಲ್ಲ. ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಬಳಸಿದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂಬ ಸಂದೇಶ ಬರುತ್ತದೆ. ಆ ತಡೆಯನ್ನು ಮೀರುವ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಎಂಬ ಆಯ್ಕೆಯನ್ನು ಸೇರಿಸಬಹುದೇ?

ಉತ್ತರ: ಸೇರಿಸಬೇಡಿ. ಉಬುಂಟುವಿನ ಹಲವು ಉಪಕರಣಗಳು ಅದರೊಂದಿಗೇ ಬಂದ ಪೈಥಾನ್ ಅನ್ನು ನೆಚ್ಚಿಕೊಂಡಿವೆ. ಆ ಪೈಥಾನ್‌ನ ಪ್ಯಾಕೇಜುಗಳನ್ನು ನೋಡಿಕೊಳ್ಳುವುದು ಉಬುಂಟುವಿನದೇ ಪ್ಯಾಕೇಜ್ ನಿರ್ವಾಹಕವಾದ ಆ್ಯಪ್ಟ್‌ನ ಕೆಲಸ. ಪಿಪ್ ಅಲ್ಲಿ ಕೈಹಾಕಿ ಒಂದು ಪ್ಯಾಕೇಜಿನ ಆವೃತ್ತಿಯನ್ನು ಬದಲಿಸಿದರೆ, ನಿಮ್ಮ ಪ್ರಾಜೆಕ್ಟ್ ನಡೆದರೂ ಬೇರೆ ಯಾವುದೋ ಉಪಕರಣ ಕೆಡಬಹುದು. ಇದನ್ನು ತಡೆಯಲೆಂದೇ ಉಬುಂಟುವಿಗೆ ಮೂಲವಾದ ಡೆಬಿಯನ್ 12 ಮತ್ತು ಉಬುಂಟು 23.04ರಿಂದ, ಅಂದರೆ 2023ರಿಂದ, ಈ ನಿರ್ಬಂಧ ಜಾರಿಯಲ್ಲಿದೆ. ಆಯ್ಕೆಯ ಹೆಸರೇ ಎಚ್ಚರಿಕೆ ಕೊಡುತ್ತಿದೆ.

ಇನ್ನು ವೆನ್ವ್ ಫೋಲ್ಡರ್ ಹೊತ್ತೊಯ್ಯುವಂಥ ವಸ್ತುವಲ್ಲ. ಅದು ಹುಟ್ಟಿದ ಜಾಗದ ಪೂರ್ಣ ವಿಳಾಸ ಅದರೊಳಗಿನ ಸ್ಕ್ರಿಪ್ಟ್‌ಗಳಲ್ಲಿ ದಾಖಲಾಗಿರುತ್ತದೆ. ಮೇಲಾಗಿ ಲೆಕ್ಕ, ದತ್ತಾಂಶ ವಿಶ್ಲೇಷಣೆಗೆ ಬಳಸುವ ನಂಪೈ, ಪಾಂಡಾಸ್‌ನಂಥ ಪ್ಯಾಕೇಜುಗಳಲ್ಲಿ ವಿಂಡೋಸ್‌ಗೆಂದೇ ಕಂಪೈಲ್ ಆದ ಕಡತಗಳಿರುವುದರಿಂದ ಅವು ಉಬುಂಟುವಿನಂಥ ಲಿನಕ್ಸ್‌ನಲ್ಲಿ ತೆರೆಯುವುದೇ ಇಲ್ಲ. ಒಯ್ಯಬೇಕಾದದ್ದು ನಿಮ್ಮ ಕೋಡ್ ಮತ್ತು 'ಪಿಪ್ ಫ್ರೀಜ್' ಕೊಡುವ ಪ್ಯಾಕೇಜುಗಳ ಪಟ್ಟಿ. ಪಟ್ಟಿಯಲ್ಲಿ ಪೈವಿನ್32 ಇದ್ದರೆ ಆ ಸಾಲನ್ನು ಅಳಿಸಿ, ಏಕೆಂದರೆ ಅದು ವಿಂಡೋಸ್‌ಗೆ ಮಾತ್ರ ಸೇರಿದ್ದು. ಉಳಿದವುಗಳ ಆವೃತ್ತಿ ಸಂಖ್ಯೆಗಳನ್ನು ಮಾತ್ರ ತೆಗೆಯಬೇಡಿ: 2024ರ ಜೂನ್‌ನಲ್ಲಿ ನಂಪೈ 2.0 ಬಂದಾಗ, ಹಳೆಯ 1.x ಸರಣಿಗೆ ಕಂಪೈಲ್ ಆಗಿದ್ದ ಎಷ್ಟೋ ಪ್ಯಾಕೇಜುಗಳು ನಿಂತುಹೋದವು, ಆವೃತ್ತಿ ಬರೆದಿಟ್ಟುಕೊಂಡವರು ಪಾರಾದರು.

ಲ್ಯಾಬ್‌ನಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ದಾರಿ ಇದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂ.ಎಸ್.ಎಲ್. ಮೂಲಕ ಉಬುಂಟು 24.04 ಹಾಕಿಕೊಂಡು, ಅದರೊಳಗೆ ವೆನ್ವ್ ರಚಿಸಿ, 'ಪಿಪ್ ಡೌನ್‌ಲೋಡ್' ಆದೇಶದಿಂದ ಪಟ್ಟಿಯ ಪ್ಯಾಕೇಜುಗಳನ್ನೆಲ್ಲ ಒಂದು ಫೋಲ್ಡರ್‌ಗೆ ಇಳಿಸಿಕೊಳ್ಳಿ. ಎರಡೂ ಕಡೆ ಪೈಥಾನ್ 3.12 ಇರುವುದರಿಂದ ಅವು ಹೊಂದುತ್ತವೆ. ಲ್ಯಾಬ್‌ನಲ್ಲಿ ಹೊಸ ವೆನ್ವ್ ರಚಿಸಿ, ಅದನ್ನು ಸಕ್ರಿಯಗೊಳಿಸಿದ ಮೇಲೆ, 'ನೋ ಇಂಡೆಕ್ಸ್' ಮತ್ತು 'ಫೈಂಡ್ ಲಿಂಕ್ಸ್' ಆಯ್ಕೆಗಳೊಡನೆ ಆ ಫೋಲ್ಡರ್‌ನಿಂದಲೇ ಇನ್‌ಸ್ಟಾಲ್ ಮಾಡಿ. ವೆನ್ವ್ ರಚನೆಯೇ ವಿಫಲವಾದರೆ ಅಲ್ಲಿ 'ಪೈಥಾನ್3-ವೆನ್ವ್' ಎಂಬ ಪ್ಯಾಕೇಜ್ ಇಲ್ಲವೆಂದೇ ತಿಳಿಯಿರಿ. ಅದನ್ನು ಆ್ಯಪ್ಟ್ ಮೂಲಕ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದರಿಂದ, ಪ್ರಾಜೆಕ್ಟ್ ತೋರಿಸುವ ದಿನಕ್ಕೆ ಸಾಕಷ್ಟು ಮೊದಲೇ ಲ್ಯಾಬ್ ಉಸ್ತುವಾರಿಯವರನ್ನು ಕೇಳಿಕೊಳ್ಳಿ.